ಜೆಟ್ಟಿಯ ಮೇಲೆ ಕೇಳುವವಳು

ಜೂನ್ 18

ಮಗಳಿಗೆ,

ನಾನು ಬದುಕಿದ್ದೇನೆ. ಹನ್ನೆರಡು ವರ್ಷದಿಂದ ನೀನು ಕೇಳಲಿಲ್ಲ, ಅದಕ್ಕೆ ನಾನೇ ಹೇಳುತ್ತಿದ್ದೇನೆ. ವಿಳಾಸ ನಿನ್ನ ಅಣ್ಣ ಕೊಟ್ಟ. ಕೊಡುವಾಗ ಅವನ ಮುಖ ಕದ್ದ ಮಾಲು ಒಪ್ಪಿಸುವವನ ಹಾಗಿತ್ತು. ಅಂದರೆ ಇಷ್ಟು ವರ್ಷ ಅವನು ನಿನ್ನನ್ನು ಆ ದಡದ ಆಸ್ಪತ್ರೆಯಲ್ಲಿ ಕಂಡು ಬರುತ್ತಿದ್ದ, ನನಗೆ ಮಾತ್ರ ಉಸಿರೆತ್ತಲಿಲ್ಲ. ಇರಲಿ, ಅವನಿಗೂ ಒಂದು ಗತಿ ಕಾಣಿಸುತ್ತೇನೆ.

ಕಾಗದ ನೋಡಿ ಮುದುಕಿ ಮೆತ್ತಗಾದಳು ಅಂದುಕೊಳ್ಳಬೇಡ. ಕೆಲಸವಿದೆ, ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿನ ಅಕ್ಷರ, ಕಷ್ಟಪಟ್ಟು ಓದು.

ನಿನ್ನ ಅಣ್ಣನ ಮಗಳ ವಿಷಯ. ನೀನು ಹೋಗುವಾಗ ಮೂರು ವರ್ಷದ್ದು, ನಿನ್ನ ಸೊಂಟ ಬಿಟ್ಟು ಇಳಿಯುತ್ತಿರಲಿಲ್ಲ. ಈಗ ಹತ್ತನೇ ಕ್ಲಾಸು. ಬಾಯಿ ಚುರುಕು, ಲೆಕ್ಕ ಅದಕ್ಕಿಂತ ಚುರುಕು. ಊರೆಲ್ಲ ಚೂಟಿ ಅಂತಲೇ ಕರೆಯುತ್ತದೆ. ದಿನಾ ಬೆಳಗ್ಗೆ ಏಳರ ದೋಣಿಗೆ ಆ ದಡದ ಹೈಸ್ಕೂಲಿಗೆ ಹೋಗುತ್ತಾಳೆ. ತಿಂಗಳಿಗೆ ಐದು ದಿನ ಹೋಗುವುದಿಲ್ಲ. ಹೊರಗಾದ ಹೆಂಗಸು ದೋಣಿ ಹತ್ತಿದರೆ ಕಡಲು ಸುಮ್ಮನಿರುವುದಿಲ್ಲ ಅನ್ನುವ ನಮ್ಮ ದ್ವೀಪದ ಕಟ್ಟಳೆಯನ್ನು ನೀನು ಮರೆತಿರಲಾರೆ. ಜೆಟ್ಟಿಯ ಮೇಲೆ ನಿಂತು ಒಬ್ಬೊಬ್ಬಳನ್ನೂ ‘ಹೊರಗಾಗಿದ್ದೀಯಾ?’ ಅಂತ ಕೇಳುವ ಕೆಲಸ ಈಗಲೂ ನನ್ನದೇ. ಗಂಡಸರಿಗೆ ಕೇಳಲು ನಾಚಿಕೆ. ಮುಟ್ಟು ನಿಂತ ಮುದುಕಿಯಾದರೆ ಮುಜುಗರವಿಲ್ಲ ಅಂತ ಹಿಂದಿನವರು ಮಾಡಿದ ಏರ್ಪಾಡು.

ಈಗ ಹೆಡ್‌ಮಾಸ್ಟರು ಚೀಟಿ ಕಳಿಸಿದ್ದಾರೆ. ಹೀಗೇ ಹಾಜರಿ ತಪ್ಪಿದರೆ ಮಾರ್ಚಿನ ಪರೀಕ್ಷೆಗೆ ಕೂರಿಸುವುದಿಲ್ಲವಂತೆ. ಅವರಿಗೇನು, ಆ ದಡದಲ್ಲಿ ಕೂತು ಬರೆಯುತ್ತಾರೆ. ಆದರೆ ಹುಡುಗಿ ಪರೀಕ್ಷೆಗೆ ಕೂರಲೇಬೇಕು. ಇವಳೂ ನನ್ನ ಹಾಗೆ ನಾಲ್ಕಕ್ಷರಕ್ಕೆ ನಿಲ್ಲುವುದನ್ನು ನಾನು ನೋಡಲಾರೆ.

ಅವಳನ್ನು ಪರೀಕ್ಷೆ ಮುಗಿಯುವವರೆಗೆ ನಿನ್ನ ಕೋಣೆಯಲ್ಲಿ ಇಟ್ಟುಕೊಳ್ಳುತ್ತೀಯಾ? ಹೌದು ಅಥವಾ ಇಲ್ಲ ಅಂತ ಬರೆ. ಬೇರೆ ಪುರಾಣ ಬೇಡ.

ನಿನ್ನನ್ನು ಹೆತ್ತವಳು

~

ಜೂನ್ 29

ಅಮ್ಮನಿಗೆ,

ಇಲ್ಲ.

ಒಂದು ಕೋಣೆಯಲ್ಲಿ ನಾವು ಮೂವರು ನರ್ಸುಗಳಿದ್ದೇವೆ. ಒಬ್ಬಳು ಡ್ಯೂಟಿಗೆ ಎದ್ದರೆ ಇನ್ನೊಬ್ಬಳು ಅದೇ ಹಾಸಿಗೆಯಲ್ಲಿ ಮಲಗುತ್ತಾಳೆ. ಜಾಗವಿದ್ದಿದ್ದರೂ ನಾನು ಹೂಂ ಅನ್ನುತ್ತಿರಲಿಲ್ಲ. ದೋಣಿ ಹತ್ತದಂತೆ ಅವಳನ್ನು ತಡೆಯುವವಳು ನೀನು. ಪರಿಹಾರ ಕೇಳುವುದು ನನ್ನನ್ನು. ಬೀಗ ಹಾಕಿ, ಕೀಲಿಕೈ ಸೊಂಟದಲ್ಲಿಟ್ಟುಕೊಂಡು, ಪಕ್ಕದೂರಿನವರ ಬಾಗಿಲು ಬಡಿಯುತ್ತಿದ್ದೀಯ.

ಹನ್ನೆರಡು ವರ್ಷದ ಹಿಂದೆ ನರ್ಸಿಂಗ್ ಶಾಲೆಯ ಸಂದರ್ಶನಕ್ಕೆ ಹತ್ತು ಗಂಟೆಗೆ ಹಾಜರಿರಬೇಕಿತ್ತು. ನೀನು ಕೇಳಿದೆ, ನಾನು ಇಲ್ಲ ಅಂದೆ. ದೋಣಿ ಹೊರಟ ಮೇಲೆ ನೀನು ಕೂಗಿ ತಿರುಗಿಸಿದೆ. ‘ನನ್ನ ಮಗಳು ಸುಳ್ಳು ಹೇಳಿದ್ದಾಳೆ, ಬಟ್ಟೆ ನೆನೆಸಿದ್ದನ್ನು ನಾನೇ ನೋಡಿದ್ದೇನೆ’ ಅಂದೆ. ನಲವತ್ತು ಜನರ ಎದುರು ನಾನು ಇಳಿದೆ. ಒಂದು ವರ್ಷ ಹೋಯಿತು. ನಿನ್ನ ಲೆಕ್ಕಕ್ಕೆ ಅದು ಒಂದು ದೋಣಿ ಅಷ್ಟೇ.

ಹುಡುಗಿಯ ಸಲುವಾಗಿ ಮೂರು ಪ್ರಶ್ನೆ. ಅವಳು ದಿನಕ್ಕೆ ಎಷ್ಟು ನೀರು ಕುಡಿಯುತ್ತಾಳೆ? ಆ ದಿನಗಳಲ್ಲಿ ಬಟ್ಟೆ ಎಲ್ಲಿ ಒಣಗಿಸುತ್ತಾಳೆ? ಬಯಲಿಗೆ ಎಲ್ಲಿ ಹೋಗುತ್ತಾಳೆ? ನಿಜ ಬರೆ.

ನರ್ಸು, ಹೆಂಗಸರ ವಾರ್ಡು

~

ಜುಲೈ 9

ದೊಡ್ಡ ನರ್ಸಮ್ಮನವರಿಗೆ,

ನಿನ್ನ ಕಾಗದ ಓದಿ ಒಲೆಗೆ ಹಾಕಲು ಹೋದೆ. ಒಲೆ ಆರಿತ್ತು, ಅದಕ್ಕೇ ಉಳಿಯಿತು.

ಹೆತ್ತ ತಾಯಿಗೆ ಬರೆಯುವ ಕಾಗದವೇ ಅದು? ಕಟ್ಟಳೆ ನಾನು ಮಾಡಿದ್ದಲ್ಲ. ನಾನು ಕೇಳುವವಳು, ಅಷ್ಟೆ. ಸ್ವಂತ ಮಗಳಿಗೊಂದು, ಊರವರಿಗೊಂದು ಮಾಡಿದ್ದರೆ ನಾಳೆ ನನ್ನ ಮುಖಕ್ಕೆ ಯಾರು ಬೆಲೆ ಕೊಡುತ್ತಿದ್ದರು? ಗಂಡ ಸತ್ತ ಹೆಂಗಸು ನಾನು. ಆ ಕೆಲಸಕ್ಕೆ ನಿಂತ ದಿನದಿಂದ ಜನ ದಾರಿ ಬಿಟ್ಟು ನಿಲ್ಲುತ್ತಾರೆ, ‘ಅಜ್ಜೀ’ ಅಂತ ಬಹುವಚನದಲ್ಲಿ ಮಾತಾಡುತ್ತಾರೆ. ನಿನ್ನ ಅಪ್ಪ ಬದುಕಿದ್ದಾಗ ಅವನೂ ಹಾಗೆ ಮಾತಾಡಿಸಿರಲಿಲ್ಲ.

ಪ್ರಶ್ನೆ ಕೇಳಿದ್ದೀಯ, ಉತ್ತರ ತಗೋ. ನೀರು ಕುಡಿಯುವುದಿಲ್ಲ. ಬೆಳಗ್ಗೆ ಒಂದು ಲೋಟ, ಸಂಜೆ ಬಂದ ಮೇಲೆ ಇನ್ನೊಂದು. ಯಾಕೇ ಅಂದರೆ, ‘ಕುಡಿದರೆ ಹೋಗಬೇಕಾಗುತ್ತಲ್ಲ ಅಜ್ಜಿ, ಎಲ್ಲಿ ಹೋಗಲಿ, ನಿನ್ನ ತಲೆ ಮೇಲಾ?’ ಅಂತಾಳೆ. ಮಾತು ನಿನ್ನದೇ ಪಡಿಯಚ್ಚು. ಹೋಗುವುದು ಎಲ್ಲ ಹೆಂಗಸರೂ ಹೋಗುವ ಕಡೆಗೆ, ದ್ವೀಪದ ಬಾಲದ ಬಂಡೆಗಳ ಹಿಂದಕ್ಕೆ. ಇಳಿತ ಇದ್ದಾಗ ಮಾತ್ರ. ಉಬ್ಬರ ಏರಿದರೆ ಬಂಡೆ ಮುಳುಗುತ್ತದೆ, ಕಾಯಬೇಕು. ಹೊರಗಾದಾಗ ಇನ್ನೂ ಆಚೆಯ ಬಂಡೆ, ಪಾಚಿ ಕಟ್ಟಿದ್ದು. ಬಟ್ಟೆ ಒಣಗುವುದು ಸೂರಿನ ಸಂದಿಯಲ್ಲಿ, ಮೇಲೊಂದು ಗೋಣಿ ಮುಚ್ಚಿ. ಗಂಡಸರ ಕಣ್ಣಿಗೆ ಬೀಳಬಾರದಲ್ಲ. ಒಣಗುವುದು ಅಂದೆ, ಒಣಗುವುದಿಲ್ಲ. ಮುಗ್ಗಲು ವಾಸನೆ ಹೊಡೆದೇ ಕಟ್ಟಿಕೊಳ್ಳುತ್ತಾಳೆ. ನಾನೂ ಹಾಗೇ ಕಟ್ಟಿಕೊಂಡೆ, ನೀನೂ ಹಾಗೇ.

ಕಕ್ಕಸು ಕಟ್ಟಿಸಿರಲಿಲ್ಲವೇ ಅಂತ ಕೇಳುತ್ತೀಯ. ಕಟ್ಟಿಸಿದ್ದರು. ನಾಲ್ಕು ವರ್ಷದ ಹಿಂದೆ ಆಫೀಸಿನವರು ಬಂದು ಆರು ಗುಂಡಿ ತೋಡಿ, ಮೇಲೆ ಆರು ಕೋಣೆ ಕಟ್ಟಿ, ಫೋಟೋ ತೆಗೆದುಕೊಂಡು ಹೋದರು. ಮೊದಲ ದೊಡ್ಡ ಉಬ್ಬರಕ್ಕೆ ನೆಲದೊಳಗಿನಿಂದ ನೀರು ಎದ್ದು ಗುಂಡಿಯಲ್ಲಿದ್ದದ್ದೆಲ್ಲ ಅಂಗಳಕ್ಕೆ ಬಂತು. ಬಾವಿ ಕೆಟ್ಟಿತು. ಈ ಮಣ್ಣಿಗೆ ಕಕ್ಕಸು ಒಗ್ಗುವುದಿಲ್ಲ ಅಂತ ತೀರ್ಮಾನವಾಯಿತು. ಈಗ ಆ ಕೋಣೆಗಳಲ್ಲಿ ಬಲೆ ಇಡುತ್ತಾರೆ. ಬಲೆಗೆ ಬಾಗಿಲಿದೆ, ಚಿಲಕವಿದೆ.

ಹುಡುಗಿಗೆ ಮೂರು ದಿನದಿಂದ ಜ್ವರ. ಒಂದಕ್ಕೆ ಹೋದರೆ ಉರಿ ಅಂತ ಅಳುತ್ತಾಳೆ. ಅವಳು ಅಳುವ ಜಾತಿಯಲ್ಲ.

ಅಮ್ಮ

~

ಜುಲೈ 15

ಅಮ್ಮ,

ಈ ಕಾಗದ ಕೈಗೆ ಬಂದ ದಿನವೇ ಅವಳನ್ನು ಕರೆದುಕೊಂಡು ಬಾ. ಅದು ಮೂತ್ರದ ಸೋಂಕು. ನೀರು ಕುಡಿಯದೆ, ತಡೆದು ತಡೆದು ಬಂದದ್ದು. ಬಿಟ್ಟರೆ ಮೂತ್ರಪಿಂಡಕ್ಕೆ ಏರುತ್ತದೆ. ಹೊರಗಾಗಿದ್ದರೂ ಕರೆದುಕೊಂಡು ಬಾ. ಜೆಟ್ಟಿಯ ಮೇಲೆ ಯಾರನ್ನು ಕೇಳಬೇಕೋ ಕೇಳಿಕೊಂಡು ಬಾ.

ಕಕ್ಕಸಿನ ವಿಷಯ. ತಪ್ಪು ಮಣ್ಣಿನದ್ದಲ್ಲ, ತೋಡಿದವರದ್ದು. ನಾಲ್ಕು ಅಡಿಗೆ ನೀರು ಸಿಗುವ ಕಡೆ ಗುಂಡಿ ತೋಡುತ್ತಾರೆಯೇ? ನೆಲದ ಮೇಲೆ ಎದೆಯೆತ್ತರಕ್ಕೆ ಸಿಮೆಂಟಿನ ಎರಡು ತೊಟ್ಟಿ ಕಟ್ಟಬೇಕು. ಕೋಣೆ ಅದರ ಮೇಲೆ, ಹತ್ತಲು ಮೆಟ್ಟಿಲು. ತೊಳೆದ ನೀರು ಬೇರೆ ಕೊಳವೆಯಲ್ಲಿ ಹೋಗಬೇಕು. ಪ್ರತಿ ಸಲ ಒಂದು ಹಿಡಿ ಬೂದಿ ಹಾಕಬೇಕು. ಒಂದು ತೊಟ್ಟಿ ತುಂಬಿದರೆ ಮುಚ್ಚಿ ಇನ್ನೊಂದನ್ನು ಬಳಸುವುದು. ಅದು ತುಂಬುವ ಹೊತ್ತಿಗೆ ಮೊದಲನೆಯದು ಗೊಬ್ಬರವಾಗಿರುತ್ತದೆ. ಚಿತ್ರ ಬರೆದು ಇಟ್ಟಿದ್ದೇನೆ. ಇದನ್ನು ಕಟ್ಟಿ ಕೈ ಪಳಗಿದ ಮೇಸ್ತ್ರಿಯೊಬ್ಬಳು ಗೊತ್ತು. ಬಟ್ಟೆ ಒಣಗಬೇಕಾದದ್ದು ಬಿಸಿಲಿನಲ್ಲಿ, ಗೋಣಿಯ ಕೆಳಗಲ್ಲ.

ಇನ್ನೊಂದು ಮಾತು. ನೀನು ಕೇಳುವ ಕೆಲಸಕ್ಕೆ ನಿಂತಾಗ ನಿನಗೆ ನಲವತ್ತೆಂಟು. ನಾನು ಈಗ ನರ್ಸು, ದಿನಾ ಹೆಂಗಸರ ದೇಹವನ್ನೇ ನೋಡುತ್ತೇನೆ. ನನ್ನನ್ನು ಇಳಿಸಿದ ವರ್ಷ ನಮ್ಮ ಹಿತ್ತಿಲ ಬಕೆಟ್ಟಿನಲ್ಲಿ ನೆನೆಸಿದ್ದ ಬಟ್ಟೆಯೆಲ್ಲ ನನ್ನದೇ ಆಗಿತ್ತೇ? ನಿನಗೆ ಆಗ ನಿಜವಾಗಿಯೂ ನಿಂತಿತ್ತೇ ಅಮ್ಮ?

ಈ ಸಲ ಕೇಳುವವಳು ನಾನು.

~

ಆಗಸ್ಟ್ 4

ಮಗಳಿಗೆ,

ಹುಡುಗಿ ಹುಷಾರಾಗಿದ್ದಾಳೆ. ನೀನು ಕೊಟ್ಟ ಮಾತ್ರೆ ಪೂರ್ತಿ ನುಂಗಿಸಿದೆ. ನೀನು ಅವಳಿಗೆ ತಲೆ ಬಾಚಿ ಕಳಿಸಿದ್ದೆಯಂತೆ. ಎರಡು ದಿನ ಜಡೆ ಬಿಚ್ಚಲು ಬಿಡಲಿಲ್ಲ. ಅವತ್ತು ಅವಳಮ್ಮ ಒಳಗೆ ಬಂದಳು, ನಾನು ಆಸ್ಪತ್ರೆಯ ಗೇಟಿನ ಹೊರಗೆ ಕಲ್ಲಿನ ಮೇಲೆ ಕೂತಿದ್ದೆ. ಕಿಟಕಿಯಿಂದ ಅತ್ತೆ ನೋಡುತ್ತಿದ್ದರು ಅಂದಳು ಹುಡುಗಿ. ನನಗೂ ಗೊತ್ತಾಯಿತು. ನಾನು ಒಳಗೆ ಬರಲಿಲ್ಲ, ನೀನು ಹೊರಗೆ ಬರಲಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ.

ನಿಂತಿರಲಿಲ್ಲ.

ಹಿಂದಿನ ಅಜ್ಜಿ ಸತ್ತಳು. ಇನ್ನೊಬ್ಬಳು ಬೇಕು ಅಂತ ಗಂಡಸರು ಮನೆ ಮನೆ ನೋಡುತ್ತಿದ್ದರು. ನಿನ್ನ ಅಪ್ಪ ಹೋಗಿ ವರ್ಷವಾಗಿತ್ತು. ಯಾರ ಮನೆಯ ಜಗಲಿಯಲ್ಲೂ ನನಗೆ ಕೂರು ಅನ್ನುತ್ತಿರಲಿಲ್ಲ. ‘ನನಗೆ ನಿಂತಿದೆ’ ಅಂದುಬಿಟ್ಟೆ. ನಾಲ್ಕು ತಿಂಗಳಿಂದ ಬಂದಿರಲಿಲ್ಲ, ನಿಂತೇ ಹೋಯಿತು ಅಂತ ನಾನೂ ನಂಬಿದ್ದೆ. ಕೆಲಸಕ್ಕೆ ನಿಂತ ಮೂರನೇ ವಾರ ಬಂತು. ಯಾರಿಗೆ ಹೇಳಲಿ? ಎರಡು ವರ್ಷ ನಾಲ್ಕು ತಿಂಗಳು ಬಂತು. ಬಂದ ದಿನವೂ ಜೆಟ್ಟಿಗೆ ಹೋದೆ. ಹಗ್ಗ ಬಿಚ್ಚಿದೆ. ದೋಣಿಯ ಮೂತಿಗೆ ಕೈ ಕೊಟ್ಟು ತಳ್ಳಿದೆ. ಮೊದಲ ಸಲ ತಳ್ಳಿದ ದಿನ ದೋಣಿ ಸಂಜೆ ತಿರುಗಿ ಬರುವವರೆಗೆ ಜೆಟ್ಟಿ ಬಿಟ್ಟು ಕದಲಲಿಲ್ಲ. ಬಂತು. ಮರುದಿನವೂ ಬಂತು. ಆಮೇಲೆ ಕಾಯುವುದೂ ಬಿಟ್ಟೆ.

ನಿನ್ನನ್ನು ಇಳಿಸಿದ ದಿನವೂ ನಾನು ಹೊರಗಾಗಿದ್ದೆ. ಆ ಬಕೆಟ್ಟಿನಲ್ಲಿ ಇಬ್ಬರದೂ ಇತ್ತು. ಹಿಂದಿನ ಸಂಜೆ ಚುಕ್ಕಾಣಿಯ ಹೆಂಡತಿ ಹಿತ್ತಿಲಿಗೆ ಬಂದು ಬಕೆಟ್ ನೋಡಿ, ‘ಯಾರದು ಇದು?’ ಅಂದಿದ್ದಳು. ಚುಕ್ಕಾಣಿ ಅಂದರೆ ಗೊತ್ತಲ್ಲ, ಏಳರ ದೋಣಿ ನಡೆಸುವವನು. ‘ಮಗಳದು’ ಅಂದೆ. ಹಾಗಂದ ಮೇಲೆ ನಿನ್ನನ್ನು ದೋಣಿಯಲ್ಲಿ ಬಿಡುವುದು ಹೇಗೆ? ನೀನು ಹೋಗಿಬಿಟ್ಟಿದ್ದರೆ ಬಟ್ಟೆ ಯಾರದ್ದು ಅನ್ನುವ ಪ್ರಶ್ನೆ ನನ್ನ ಕಡೆಗೆ ತಿರುಗುತ್ತಿತ್ತು.

ಬರೆದಾಯಿತು. ಈಗ ನಿನಗೆ ಏನು ಬೇಕೋ ಬೈ.

ಅಮ್ಮ

~

ಸೆಪ್ಟೆಂಬರ್ 22

ಪಂಚಾಯ್ತಿ ಅಧ್ಯಕ್ಷರಿಗೆ,

ದ್ವೀಪದ ಜೆಟ್ಟಿಯಲ್ಲಿ ಕೇಳುವ ಮುದುಕಿ ಬರೆಯುವುದು. ನೀವು ಮೂರು ಸಲ ‘ನೋಡೋಣ’ ಅಂದಿರಿ. ಏನನ್ನು ನೋಡುತ್ತಿದ್ದೀರಿ? ಬನ್ನಿ, ಬೆಳಗಿನ ಇಳಿತದ ಹೊತ್ತಿಗೆ ಬಾಲದ ಬಂಡೆಗೆ ಬನ್ನಿ, ಅರವತ್ತು ಹೆಂಗಸರು ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂತಿರುವುದನ್ನು ನೋಡಿ. ನಾಚಿಕೆಯಾಗುತ್ತದೆಯೇ? ನಮಗೆ ದಿನಾ ಆಗುತ್ತದೆ.

ನನ್ನ ಮಗಳು ನರ್ಸು. ಅವಳು ಬರೆದ ಚಿತ್ರ ಇದರ ಜೊತೆಗಿದೆ. ನಿಮ್ಮ ಎಂಜಿನಿಯರಿಗೆ ತೋರಿಸಿ. ಅವರು ಹೋದ ಸಲ ನೀರಿನಲ್ಲಿ ಗುಂಡಿ ತೋಡಿದವರು, ಆದ್ದರಿಂದ ಚಿತ್ರವನ್ನು ತಲೆಕೆಳಗು ಹಿಡಿಯದ ಹಾಗೆ ನೋಡಿಕೊಳ್ಳಿ. ಸಿಮೆಂಟು, ಇಟ್ಟಿಗೆ ನೀವು ಕೊಡಿ. ಮೇಸ್ತ್ರಿ ಆ ದಡದಿಂದ ಬರುತ್ತಾಳೆ. ಹೊರುವುದು ನಾವು. ನಾಲ್ಕು ಕೋಣೆ ಸಾಕು. ಚಿಲಕ ಒಳಗಡೆಗೆ ಇರಲಿ. ಹೋದ ಸಲ ಹೊರಗಡೆಗೆ ಮಾತ್ರ ಇತ್ತು. ಒಳಗೆ ಕೂತವರನ್ನು ಕೂಡಿಹಾಕುವ ಯೋಚನೆಯಿತ್ತೋ ಏನೋ.

ಈ ತಿಂಗಳು ಮುಗಿಯುವುದರೊಳಗೆ ಸಾಮಾನು ಬರದಿದ್ದರೆ ನಾವು ಅರವತ್ತು ಜನ ನಿಮ್ಮ ಆಫೀಸಿಗೆ ಬರುತ್ತೇವೆ. ಅಲ್ಲಿ ಒಂದು ಕಕ್ಕಸಿದೆ, ಬೀಗ ನಿಮ್ಮ ಬಳಿ ಇದೆ, ಗೊತ್ತು. ಸಾಲಾಗಿ ನಿಲ್ಲುತ್ತೇವೆ.

ಇಂತಿ, ಕೇಳುವವಳು

~

ನವೆಂಬರ್ 11

ಮಗಳಿಗೆ,

ಮೂರು ತಿಂಗಳಾಯಿತು, ನಿನ್ನಿಂದ ಒಂದು ಗೆರೆ ಇಲ್ಲ. ಬೈದಾದರೂ ಬರೆಯಬಾರದೇ?

ಇಟ್ಟಿಗೆ ಬಂತು. ಅಧ್ಯಕ್ಷರಿಗೆ ಅರವತ್ತು ಹೆಂಗಸರ ಸಾಲು ಕನಸಿನಲ್ಲಿ ಬಂದಿರಬೇಕು. ನಿನ್ನ ಮೇಸ್ತ್ರಿಯೂ ಬಂದಳು. ಬಾಯಲ್ಲಿ ಮೊಳೆ ಕಚ್ಚಿಕೊಂಡೇ ಗಂಡಸರನ್ನು ಬೈಯುತ್ತಾಳೆ, ನನಗೆ ಹಿಡಿಸಿದಳು. ಎರಡು ಕೋಣೆ ಮುಗಿದಿವೆ, ಇನ್ನೆರಡು ಏಳುತ್ತಿವೆ. ಐದು ಮೆಟ್ಟಿಲು ನೋಡಿದ್ದೇ ಚುಕ್ಕಾಣಿ ಶುರು ಮಾಡಿದ. ‘ಹೆಂಗಸರು ನಮ್ಮ ತಲೆಗಿಂತ ಎತ್ತರದಲ್ಲಿ ಹೋಗಿ ಕೂರುವುದೇ? ಅದೂ ಆ ಕೆಲಸಕ್ಕೆ?’

ಮೇಸ್ತ್ರಿ ಕರಣೆ ಕೆಳಗಿಟ್ಟು, ‘ಸರಿ ಅಣ್ಣ, ನೀವು ಹೋಗುವಾಗ ಕೆಳಗೇ ಕೂತುಕೊಳ್ಳಿ, ಉಬ್ಬರ ಬಂದಾಗ ಅದೇ ಮೇಲೆ ತರುತ್ತದೆ’ ಅಂದಳು. ಹೆಂಗಸರು ನಕ್ಕ ನಗೆಗೆ ಅವನು ಎರಡು ದಿನ ಆ ಕಡೆ ಸುಳಿಯಲಿಲ್ಲ.

ಹುಡುಗಿ ಈಗ ನೀರು ಕುಡಿಯುತ್ತಾಳೆ. ಚೊಂಬುಗಟ್ಟಲೆ.

ಹಾಜರಿಯೂ ಸರಿಯಾಗುತ್ತಿದೆ. ಹೇಗೆ ಅಂದರೆ, ಅವಳ ಸರದಿ ಬಂದಾಗ ನಾನು ಕೊಡೆ ಬಿಚ್ಚುತ್ತೇನೆ, ಮಡಚುತ್ತೇನೆ, ಕೆಮ್ಮುತ್ತೇನೆ. ಕೇಳಿದ ಹಾಗೆ ತಲೆ ಆಡಿಸುತ್ತೇನೆ. ಅವಳು ಹತ್ತುತ್ತಾಳೆ. ಮೊದಲ ಸಲ ದೋಣಿಯಿಂದ ತಿರುಗಿ ನೋಡಿದಳು. ಸಂಜೆ ಬಂದು, ‘ಅಜ್ಜಿ, ಕಡಲಿಗೆ ಅಷ್ಟು ದೊಡ್ಡ ಮೂಗಿದೆ ಅಂತಿದ್ದೆಯಲ್ಲ, ನೆಗಡಿ ಆಗಿತ್ತಾ ಇವತ್ತು?’ ಅಂದಳು. ಬೆನ್ನಿಗೆ ಒಂದು ಕೊಟ್ಟೆ.

ಪರೀಕ್ಷೆಗೆ ಕೂರಿಸುತ್ತೇವೆ ಅಂತ ಹೆಡ್‌ಮಾಸ್ಟರು ಹೇಳಿ ಕಳಿಸಿದರು. ನೀನು ಕೇಳಿದ್ದು ಇದನ್ನೇ ಅಲ್ಲವೇ? ಬೀಗ ತೆಗೆದಿದ್ದೇನೆ. ಒಂದು ಮಾತು ಬರೆ.

ಅಮ್ಮ

~

ಡಿಸೆಂಬರ್ 2

ಅಮ್ಮ,

ಆಗಸ್ಟಿನಿಂದ ನಾಲ್ಕು ಕಾಗದ ಬರೆದು ಹರಿದಿದ್ದೇನೆ. ಇದನ್ನು ಹರಿಯುವ ಮೊದಲೇ ಅಂಚೆಗೆ ಹಾಕುತ್ತೇನೆ.

ನೀನು ಕಟ್ಟಳೆ ನಂಬಿದ್ದೆ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ತಿಳಿಯದವಳು, ಹೆದರಿದವಳು, ಕಡಲಿಗೆ ಮಗಳನ್ನು ಬಲಿಕೊಡಬಾರದು ಅಂತ ಮಾಡಿದಳು ಅಂತ. ಆ ಒಂದು ನೆವ ಹಿಡಿದುಕೊಂಡು ನಿನ್ನ ಮೇಲಿನ ಸಿಟ್ಟನ್ನು ಹೇಗೋ ಮಿತಿಯಲ್ಲಿಟ್ಟಿದ್ದೆ. ಈಗ ಅದನ್ನೂ ಕಿತ್ತುಕೊಂಡೆ. ನಿನಗೆ ಗೊತ್ತಿತ್ತು. ನಿನ್ನ ಕೈಯೇ ದೋಣಿ ತಳ್ಳಿತ್ತು, ದೋಣಿ ತೇಲಿತ್ತು. ಅಷ್ಟು ಗೊತ್ತಿದ್ದೂ ಹನ್ನೆರಡು ವರ್ಷ ಕೇಳಿದೆ. ನನ್ನೊಬ್ಬಳನ್ನಲ್ಲ, ಎಲ್ಲರನ್ನೂ.

ಬೀಗ ತೆಗೆದಿದ್ದೇನೆ ಅಂತ ಬರೆಯುತ್ತೀಯ. ಕೊಡೆ ಬಿಚ್ಚಿ, ಕೆಮ್ಮಿ, ನಿನ್ನ ಮೊಮ್ಮಗಳೊಬ್ಬಳನ್ನು ನುಸುಳಿಸುವುದು ಬೀಗ ತೆಗೆಯುವುದೇ? ಆವತ್ತು ನೀನು ನುಸುಳಿದೆ, ಇವತ್ತು ಅವಳನ್ನು ನುಸುಳಿಸುತ್ತೀಯ. ಅವಳ ಹಿಂದೆ ನಿಂತಿರುವ ಹುಡುಗಿಯನ್ನು ಕೇಳಿ ಮನೆಗೆ ಕಳಿಸುತ್ತೀಯ. ಅವರ ಹಾಜರಿ ಯಾರು ಬರೆಯುತ್ತಾರೆ?

ನನ್ನನ್ನು ನಲವತ್ತು ಜನರ ಎದುರು ಇಳಿಸಿದೆ. ಹೇಳುವುದಿದ್ದರೆ ನಲವತ್ತು ಜನರ ಎದುರು ಹೇಳು. ಅಂಚೆಯಲ್ಲಿ ಹೇಳಿದ್ದು ನನಗೆ ಬೇಡ. ಅಲ್ಲಿಯವರೆಗೆ ಬರೆಯಬೇಡ.

~

ಮಾರ್ಚ್ 21

ಮಗಳಿಗೆ,

ಬರೆಯಬೇಡ ಅಂದೆ, ಬರೆಯಲಿಲ್ಲ. ಇವತ್ತು ಬರೆಯುತ್ತಿದ್ದೇನೆ.

ನಿನ್ನ ಕಾಗದ ಬಂದ ಮೇಲೆ ಮೂರು ತಿಂಗಳು ದಿನಾ ಬೆಳಗ್ಗೆ ಇವತ್ತು ಹೇಳುತ್ತೇನೆ ಅಂತ ಹೋಗುತ್ತಿದ್ದೆ, ಹೇಳದೆ ಬರುತ್ತಿದ್ದೆ. ನಾಲಿಗೆ ಇಷ್ಟುದ್ದ ಇದೆ ಅಂತ ಎಲ್ಲರೂ ಅನ್ನುತ್ತಾರೆ. ಬೇಕಾದಾಗ ಒಂದಿಂಚೂ ಬರಲಿಲ್ಲ.

ಇವತ್ತು ಮೊದಲ ಪರೀಕ್ಷೆ, ಗಣಿತ. ಚೂಟಿ ಪ್ಲಾಸ್ಟಿಕ್ ಕವರಿನಲ್ಲಿ ಹಾಲ್ ಟಿಕೆಟ್ ಹಿಡಿದು ಜೆಟ್ಟಿಯಲ್ಲಿ ನಿಂತಿದ್ದಳು. ಅಷ್ಟರಲ್ಲಿ ಚುಕ್ಕಾಣಿಯ ಹೆಂಡತಿ ಬಂದು ಗಂಡನ ಕಿವಿಯಲ್ಲಿ ಏನೋ ಊದಿದಳು. ನಿನ್ನೆಯಿಂದ ಬಕೆಟ್ ಹಿಡಿದು ನಾಲ್ಕು ಸಲ ಮೆಟ್ಟಿಲು ಹತ್ತಿದ್ದಾಳಂತೆ ಹುಡುಗಿ. ಎತ್ತರದಲ್ಲಿದೆಯಲ್ಲ, ಊರಿಗೇ ಕಾಣುತ್ತದೆ. ಕೋಣೆ ಕಟ್ಟಿದೆವು, ಕಣ್ಣುಗಳನ್ನು ಎಲ್ಲಿ ಕೂಡಿಹಾಕೋಣ?

‘ಅಜ್ಜೀ, ಮೊಮ್ಮಗಳನ್ನು ಕೇಳಿ’ ಅಂದ ಚುಕ್ಕಾಣಿ.

‘ಕೇಳಿದೆ.’

‘ನಮಗೂ ಕೇಳಿಸುವ ಹಾಗೆ ಕೇಳಿ.’

ದೋಣಿಯಲ್ಲಿ ಮೀನಿನ ಬುಟ್ಟಿಯವರು, ಕೂಲಿಯವರು, ಶಾಲೆ ಮಕ್ಕಳು. ನಲವತ್ತಕ್ಕಿಂತ ಹೆಚ್ಚೇ ಇದ್ದರು. ನಾನು ಚೂಟಿಯ ಮುಖ ನೋಡಿ ಕಣ್ಣಲ್ಲೇ ಬೇಡಿಕೊಂಡೆ, ಇಲ್ಲ ಅನ್ನು ಮಹಾರಾಯ್ತಿ, ಇವತ್ತೊಂದು ದಿನ ಇಲ್ಲ ಅನ್ನು ಅಂತ. ‘ಹೊರಗಾಗಿದ್ದೀಯಾ?’ ಅಂತ ಜೋರಾಗಿ ಕೇಳಿದೆ.

‘ಹೌದಜ್ಜಿ. ನಿನ್ನೆಯಿಂದ’ ಅಂದಳು. ಆಮೇಲೆ ಚುಕ್ಕಾಣಿಯ ಕಡೆ ತಿರುಗಿ, ‘ಪರೀಕ್ಷೆ ಹತ್ತು ಗಂಟೆಗೆ ಮಾವ’ ಅಂತಲೂ ಸೇರಿಸಿದಳು, ಅವನಿಗೆ ಗೊತ್ತಿಲ್ಲದಿದ್ದರೆ ಅಂತ.

‘ಹಾಗಾದರೆ ಇಳಿ’ ಅಂದ. ಅವಳಿನ್ನೂ ಹತ್ತಿಯೇ ಇರಲಿಲ್ಲ. ಅವನಿಗೆ ಅದೊಂದೇ ಮಾತು ಬಾಯಿಪಾಠ.

ಆಗ ನನಗೆ ಸಿಟ್ಟು ಬಂತು ನೋಡು. ಅವನ ಮೇಲೋ, ನನ್ನ ಮೇಲೋ ಗೊತ್ತಿಲ್ಲ. ಕೊಡೆ ಎಸೆದೆ. ‘ಚುಕ್ಕಾಣೀ, ನಾನು ಈ ಕೆಲಸಕ್ಕೆ ನಿಂತ ಮೇಲೆ ಎರಡು ವರ್ಷ ನಾಲ್ಕು ತಿಂಗಳು ನಾನೂ ಹೊರಗಾಗುತ್ತಿದ್ದೆ. ನಿಂತಿದೆ ಅಂತ ಸುಳ್ಳು ಹೇಳಿದ್ದೆ. ಆ ದಿನಗಳಲ್ಲೇ ನಿನ್ನ ಹಗ್ಗ ಬಿಚ್ಚಿದೆ, ನಿನ್ನ ದೋಣಿಯ ಮೂತಿ ಹಿಡಿದು ತಳ್ಳಿದೆ. ಅದೇ ಎರಡು ವರ್ಷದಲ್ಲಿ ನೀನು ಹೊಸ ಎಂಜಿನ್ ಹಾಕಿಸಿದೆ, ನಿನಗೆ ಮಗ ಹುಟ್ಟಿದ. ನನ್ನ ಮಗಳನ್ನು ಇದೇ ಜೆಟ್ಟಿಯಲ್ಲಿ ಇಳಿಸಿದೆನಲ್ಲ, ಆವತ್ತೂ ನಾನು ಹೊರಗಾಗಿದ್ದೆ. ನನ್ನ ಕಳ್ಳತನ ಮುಚ್ಚಲು ಅವಳನ್ನು ಕಳ್ಳಿ ಮಾಡಿದೆ.’

‘ಮೊಮ್ಮಗಳ ಸಲುವಾಗಿ ಸುಳ್ಳು ಹೇಳುತ್ತಿದ್ದೀರಿ’ ಅಂದ ಅವನು.

‘ಇಷ್ಟು ವರ್ಷ ನಾನು ಬೆರಳು ತೋರಿಸಿದವರನ್ನೆಲ್ಲ ಇಳಿಸಿದೆ. ಆಗೆಲ್ಲ ನಂಬಿದೆ, ಇದೊಂದು ಯಾಕೆ ನಂಬುವುದಿಲ್ಲ? ನಿನ್ನ ಹೆಂಡತಿಯನ್ನು ಕೇಳು, ನನ್ನ ಹಿತ್ತಿಲಲ್ಲಿ ಬಕೆಟ್ ನೋಡಿದವಳು ಅವಳು. ಮುಟ್ಟಿನಿಂದ ದೋಣಿ ಕೆಡುವುದಾದರೆ ನಿನ್ನ ದೋಣಿ ಎಂದೋ ಕೆಟ್ಟಿದೆ. ಎಳೆದು ದಡಕ್ಕೆ ಹಾಕಿ ಬೆಂಕಿ ಹಚ್ಚು. ಕೆಟ್ಟಿಲ್ಲ ಅನ್ನುವುದಾದರೆ ಹುಡುಗಿಯನ್ನು ಹತ್ತಿಸು. ಎರಡರಲ್ಲಿ ಒಂದು ಮಾಡು, ಬೇಗ ಮಾಡು.’

ಅವನು ದೋಣಿ ನೋಡಿದ. ಹೆಂಡತಿಯನ್ನು ನೋಡಿದ. ಅವಳು ನೆಲ ನೋಡುತ್ತಿದ್ದಳು. ಇಳಿತ ಶುರುವಾಗಿತ್ತು, ಇನ್ನು ಕಾಲು ಗಂಟೆಗೆ ದೋಣಿಯ ತಳ ಮರಳಿಗೆ ತಾಗುತ್ತಿತ್ತು. ಬುಟ್ಟಿಯವಳೊಬ್ಬಳು, ‘ಏನಪ್ಪಾ, ಮೀನು ಕೊಳೆಯುತ್ತೆ, ಸುಡುವುದಾದರೆ ನಮ್ಮನ್ನು ಇಳಿಸಿ ಸುಡು’ ಅಂದಳು. ಅವನು ಯಾರ ಮುಖವನ್ನೂ ನೋಡದೆ ಹಗ್ಗಕ್ಕೆ ಕೈ ಹಾಕಿದ. ‘ಹತ್ತುವವರು ಹತ್ತಿ’ ಅಂದ.

ಚೂಟಿ ಹತ್ತಿದಳು. ಅವಳ ಹಿಂದೆ, ನಾನು ಅರ್ಧ ಗಂಟೆ ಮೊದಲು ಕೇಳಿ ಪಕ್ಕಕ್ಕೆ ನಿಲ್ಲಿಸಿದ್ದ ಸೋಡಾ ಅಂಗಡಿಯವಳ ಮಗಳೂ ಹತ್ತಿದಳು. ಅವಳಿಗೂ ಇವತ್ತೇ ಪರೀಕ್ಷೆ. ಬೆಳಗ್ಗೆ ಅವಳನ್ನು ನಿಲ್ಲಿಸುವಾಗ ನಿನ್ನ ಕಾಗದ ನನ್ನ ಸೊಂಟದಲ್ಲೇ ಇತ್ತು. ಆದರೂ ನಿಲ್ಲಿಸಿದ್ದೆ. ಇದನ್ನು ಮುಚ್ಚಿಡಬಾರದು ಅಂತ ಬರೆಯುತ್ತಿದ್ದೇನೆ.

ನಲವತ್ತು ಜನರ ಎದುರು ಹೇಳಿದೆ.

ಅಮ್ಮ

~

ಏಪ್ರಿಲ್ 19

ಮಗಳಿಗೆ,

ಪರೀಕ್ಷೆ ಆರೂ ಬರೆದಳು. ಗಣಿತದಲ್ಲಿ ಒಂದು ಲೆಕ್ಕ ತಪ್ಪಾಯಿತಂತೆ. ದೋಣಿಯಲ್ಲಿ ಎಲ್ಲರೂ ಅವಳನ್ನೇ ನೋಡುತ್ತಿದ್ದದ್ದೇ ಕಾರಣ ಅಂತಾಳೆ. ಅದು ನೆಪ, ಆ ಲೆಕ್ಕ ಅವಳಿಗೆ ಮೊದಲಿಂದಲೂ ಬರುತ್ತಿರಲಿಲ್ಲ.

ಗಂಡಸರು ಸಭೆ ಸೇರಿ ದೋಣಿ ತೊಳೆಯಬೇಕು ಅಂತ ತೀರ್ಮಾನ ಮಾಡಿದರು. ಯಾವ ನೀರಿನಲ್ಲಿ ತೊಳೆದರು ಹೇಳು? ಕಡಲ ನೀರಿನಲ್ಲಿ. ನಾನು ದಡದಲ್ಲಿ ಕೂತು ನೋಡಿದೆ.

ನನ್ನನ್ನು ಕೆಲಸದಿಂದ ತೆಗೆದರು. ಚುಕ್ಕಾಣಿಯ ಅತ್ತಿಗೆಯನ್ನು ತಂದು ನಿಲ್ಲಿಸಿದರು. ಮೂರು ದಿನ ನಿಂತಳು, ಪಾಪ. ‘ಹೊರಗಾಗಿದ್ದೀಯಾ?’ ಅಂತ ಅವಳು ಕೇಳಿದರೆ, ‘ಅದಿರಲಿ ಅಕ್ಕ, ನಿಮಗೆ ಯಾವಾಗ ನಿಂತಿತು?’ ಅಂತ ಬುಟ್ಟಿಯವಳು ತಿರುಗಿ ಕೇಳಿದಳು. ಮರುದಿನ ಇನ್ನೊಬ್ಬಳು ಕೇಳಿದಳು. ಮೂರನೇ ದಿನ ಸ್ಕೂಲಿನ ಹುಡುಗಿಯೇ ಕೇಳಿದಳು. ನಾಲ್ಕನೇ ದಿನ ಅವಳು ಬರಲಿಲ್ಲ. ಈಗ ಯಾರೂ ಒಪ್ಪುತ್ತಿಲ್ಲ. ಗಂಡಸರು ತಾವೇ ಕೇಳಲು ಬಾಯಿ ತೆರೆಯುತ್ತಾರೆ, ಗಾಳಿ ಮಾತ್ರ ಬರುತ್ತದೆ. ಹೆಂಗಸರು ಹತ್ತಿ ಕೂರುತ್ತಾರೆ.

ಎಲ್ಲ ಗೆದ್ದುಬಿಟ್ಟೆ ಅಂತ ಹೇಳುತ್ತಿಲ್ಲ. ನಾಲ್ಕೂ ಕೋಣೆಯ ಹಿಂದೆ ಹಗ್ಗ ಕಟ್ಟಿ ಬಟ್ಟೆ ಒಣಗಲು ಬಿಸಿಲಿಗೆ ಹಾಕಿದೆವು. ಎರಡು ಸಲ ಯಾರೋ ಹಗ್ಗ ಕೊಯ್ದರು. ಮೂರನೇ ಸಲ ತಂತಿ ಕಟ್ಟಿದ್ದೇವೆ.

ಮೊನ್ನೆ ನಮ್ಮ ಬಾಗಿಲಿಗೆ ಬಲೆ ಹೆಣೆಯುವವಳು ಬಂದಳು. ನಿನಗಿಂತ ಎರಡು ವರ್ಷ ದೊಡ್ಡವಳು, ನೆನಪಿರಬೇಕು. ಎಂಟು ವರ್ಷದ ಹಿಂದೆ ಅವಳ ಅಪ್ಪ ಆ ದಡದಲ್ಲಿ ಕೊನೆಯುಸಿರು ಎಳೆಯುತ್ತಿದ್ದ. ನಾನು ಕೇಳಿದೆ, ಅವಳು ಹೌದು ಅಂದಳು, ನಿಲ್ಲಿಸಿದೆ. ಐದು ದಿನ ಬಿಟ್ಟು ಆ ದಡಕ್ಕೆ ಹೋದಳು, ಮಣ್ಣು ಮಾಡಿ ಆಗಿತ್ತು. ಅವಳು ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಬಾಗಿಲಲ್ಲಿ ನಿಂತು, ‘ನಿನಗೆ ಗೊತ್ತಿತ್ತಲ್ಲ’ ಅಂದಳು. ಅಷ್ಟೇ. ನೀರು ಕೊಟ್ಟೆ, ಮುಟ್ಟಲಿಲ್ಲ. ಮರುದಿನವೂ ಬಂದಳು, ಅದೇ ಮಾತು. ಈಗ ದಿನಾ ಬರುತ್ತಾಳೆ. ನಾನು ಬಾಗಿಲು ಹಾಕಿಕೊಳ್ಳುವುದಿಲ್ಲ. ಬಂದು ಹೇಳಲಿ. ಇನ್ನೂ ಎಷ್ಟು ಜನ ಬರಬೇಕೋ, ಎಲ್ಲರೂ ಬಂದು ಹೇಳಲಿ.

ನಿನ್ನ ಮಾತು ಮಾತ್ರ ಇನ್ನೂ ಬಂದಿಲ್ಲ. ನಲವತ್ತು ಜನರ ಎದುರು ಹೇಳಿದರೆ ಆಯಿತು ಅಂತ ನಾನು ತಿಳಿದಿಲ್ಲ. ಕ್ಷಮಿಸು ಅಂತ ಬರೆಯಲು ನಾಲ್ಕು ಸಲ ಪೆನ್ನು ಎತ್ತಿದೆ; ಬರೆದರೆ ನೀನು ಉತ್ತರ ಕೊಡಬೇಕಾಗುತ್ತದೆ. ಅದನ್ನೂ ನಿನ್ನ ತಲೆಗೆ ಕಟ್ಟಲಾರೆ. ಸಿಟ್ಟು ಇಟ್ಟುಕೋ, ಅದು ನಿನ್ನದು. ಬೇಕಾದರೆ ಹೊತ್ತುಕೊಂಡೇ ಬಂದು ನನ್ನೆದುರು ಬೈ.

ಏಳರ ದೋಣಿ ಸಂಜೆ ಐದಕ್ಕೆ ಆ ದಡದಿಂದ ತಿರುಗಿ ಹೊರಡುತ್ತದೆ. ಬರುವುದಾದರೆ ದಿನ ನೋಡಬೇಡ. ನಿನಗೆ ಯಾವ ದಿನವೋ ಆ ದಿನವೇ ಬಾ.

ಅಮ್ಮ